25 ಸಾವಿರದ ಗ್ರಾಫಿಕ್ಸ್ ಕಾರ್ಡ್: ಮೊದಲು ನಿಜ ಹೇಳೋಣ

ನಾವು ನಾಲ್ಕು ಜನ, ಒಂದು ಬಾಡಿಗೆ ರೂಮು, ಒಂದು ಕಂಪ್ಯೂಟರ್. ಕಳೆದ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಅಂತ ತೀರ್ಮಾನವಾಯಿತು. ಒಬ್ಬ 8,000, ಒಬ್ಬ 7,000, ಇನ್ನೊಬ್ಬ 6,000, ಕೊನೆಯವನು 4,000 ಹಾಕಿದ. ಒಟ್ಟು 25,000 ರೂಪಾಯಿ. ನಾಲ್ಕೂ ಮನೆಗಳಿಗೆ ಹೇಳಿದ ಕಾರಣ ಒಂದೇ: "ಪ್ರಾಜೆಕ್ಟ್‌ಗೆ ಬೇಕು."

8,000 ಕಳಿಸಿದ ಅಪ್ಪ ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರು. ದುಡ್ಡು ಹಾಕಿದ ಮೇಲೆ ಫೋನ್ ಮಾಡಿ, "ಇದನ್ನ ತಗೊಳ್ಳಲೇಬೇಕು ಅಂತ ಕಾಲೇಜಿನವರೇ ಹೇಳಿದ್ರೇನೋ?" ಅಂತ ಕೇಳಿದರು. ಫೋನ್ ಸ್ಪೀಕರ್‌ನಲ್ಲಿತ್ತು. "ಹೂಂ ಅಪ್ಪ" ಅಂದ ಅವನು. ಉಳಿದ ಮೂವರು ಫ್ಯಾನ್ ನೋಡ್ತಾ ಕೂತ್ವಿ.

ಯಾವ ಕಾರ್ಡ್ ಒಳ್ಳೇದು ಅಂತ ಹೇಳೋಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಲೇಖನ ಆ "ಹೂಂ" ಬಗ್ಗೆ. ಕಮ್ಮಿ ದುಡ್ಡಲ್ಲಿ ಕಾರ್ಡ್ ತಗೊಳ್ಳೋ ನಮ್ಮಂಥವರ ಮೊದಲ ತಪ್ಪು ಅಂಗಡಿಯಲ್ಲಿ ಆಗೋದಲ್ಲ, ಅಲ್ಲಿಗೆ ಹೋಗೋ ಮುಂಚೆ ರೂಮಲ್ಲೇ ಆಗಿರುತ್ತೆ ಅನ್ನೋದು ನಮ್ಮ ಅಭಿಪ್ರಾಯ. ಮನೆಗೆ ಹೇಳಿದ ಸುಳ್ಳನ್ನ ನಾವೂ ಅರ್ಧ ನಂಬಿಬಿಡ್ತೀವಿ. ಬಾಯಲ್ಲಿ ಪ್ರಾಜೆಕ್ಟ್, ಕಣ್ಣಲ್ಲಿ ಎಫ್‌ಪಿಎಸ್. ಕೊನೆಗೆ ಎರಡಕ್ಕೂ ಸರಿಹೋಗದ ಕಾರ್ಡ್ ಕೈಗೆ ಬರುತ್ತೆ. (ನಾವು ನಾಲ್ವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯೋದು ಇದೇ ಮೊದಲು. ತಪ್ಪಿದ್ದರೆ ಸೀನಿಯರ್‌ಗಳು ತಿದ್ದಿ, ಬಯ್ಯಬೇಡಿ.)

ಮೊದಲ ವಾರ ನಾವು ಮಾಡಿದ್ದೂ ಅದನ್ನೇ. ರಾತ್ರಿಯೆಲ್ಲ ವಿಡಿಯೋ ನೋಡಿದ್ವಿ. ಎಲ್ಲದರಲ್ಲೂ ಅದೇ ಹತ್ತು ಗೇಮ್, ಅದೇ ಬಾರ್ ಚಾರ್ಟ್. ಯಾವ ಬಾರ್ ಉದ್ದ ಇದೆಯೋ ಅದೇ ಒಳ್ಳೆ ಕಾರ್ಡ್. ನಮ್ಮ ಪ್ರಾಜೆಕ್ಟ್‌ಗೆ ಏನು ಬೇಕು ಅಂತ ಒಬ್ಬನೂ ನೋಡಲಿಲ್ಲ.

ಆಮೇಲೆ ಒಂದು ದಿನ 4,000 ಹಾಕಿದವನೇ ಪೇಪರ್ ತಗೊಂಡು, "ನಿಜವಾಗ್ಲೂ ಇದರಲ್ಲಿ ಏನು ಮಾಡ್ತೀವಿ, ಬರೀರಿ" ಅಂದ. ಬರೆದ್ವಿ. ಅತಿ ಹೆಚ್ಚು ಗಂಟೆ: ವ್ಯಾಲೊರೆಂಟ್. ಆಮೇಲೆ ಜಿಟಿಎ. ಒಬ್ಬನಿಗೆ ಬ್ಲೆಂಡರ್ ಹುಚ್ಚು. ಒಬ್ಬನಿಗೆ ಡೀಪ್ ಲರ್ನಿಂಗ್ ಕಲೀಬೇಕು, ಮುಂದಿನ ವರ್ಷದ ಮಿನಿ ಪ್ರಾಜೆಕ್ಟ್ ಅದರಲ್ಲೇ ಮಾಡಬೇಕು ಅಂತ ನಿಜವಾದ ಆಸೆ. ಪಟ್ಟಿ ನೋಡಿದ್ರೆ ನಗು ಬಂತು. ಯಾಕಂದ್ರೆ ವ್ಯಾಲೊರೆಂಟ್ ನಮ್ಮ ರೈಜನ್ 5600ಜಿ ಪ್ರೊಸೆಸರ್‌ನ ಒಳಗಿರೋ ಗ್ರಾಫಿಕ್ಸ್‌ನಲ್ಲೇ ಆರಾಮಾಗಿ ಓಡ್ತಿತ್ತು. ನಮ್ಮ ಮಾನಿಟರ್ 75 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 75 ಫ್ರೇಮ್‌ಗಿಂತ ಜಾಸ್ತಿ ತೋರಿಸೋಕೆ ಅದಕ್ಕೆ ಆಗೋದೇ ಇಲ್ಲ. ಕಾರ್ಡ್ 200 ಫ್ರೇಮ್ ಕೊಟ್ಟರೂ ನಮ್ಮ ಕಣ್ಣಿಗೆ ಕಾಣೋದು ಅಷ್ಟೇ. ಹಾಗಾದ್ರೆ ಆ ಉದ್ದನೆ ಬಾರ್‌ಗಳಿಗೆ ನಾವು ದುಡ್ಡು ಕೊಡೋದು ಯಾಕೆ?

"ಹಾಗಾದ್ರೆ ತಗೊಳ್ಳೋದೇ ಬೇಡ" ಅಂದ 4,000ದವನು. ಇದನ್ನ ಯಾವ ವಿಡಿಯೋದಲ್ಲೂ ಹೇಳಲ್ಲ, ಆದರೆ ಇದೂ ಒಂದು ಉತ್ತರ. ಡೀಪ್ ಲರ್ನಿಂಗ್ ಕಲಿಯೋಕೆ ಗೂಗಲ್ ಕೋಲ್ಯಾಬ್‌ನಲ್ಲಿ ಟಿ4 ಅನ್ನೋ ಜಿಪಿಯು ಪುಕ್ಕಟೆ ಸಿಗುತ್ತೆ, ಅದರ ಮೆಮೊರಿ 16 ಜಿಬಿ. ಕ್ಯಾಗಲ್‌ನಲ್ಲೂ ವಾರಕ್ಕೆ ಇಷ್ಟು ಗಂಟೆ ಅಂತ ಪುಕ್ಕಟೆ ಕೊಡ್ತಾರೆ. ನಿಮ್ಮ ಕಾರಣ ಬರೀ ಕಲಿಕೆ ಆಗಿದ್ರೆ ಮೊದಲು ಇವೆರಡನ್ನೂ ಪೂರ್ತಿ ಬಳಸಿ. ಅವು ಸಾಲಲ್ಲ ಅಂತ ಅನಿಸಿದ ದಿನ ದುಡ್ಡಿನ ಮಾತಾಡಿ. ನಮಗೆ ಯಾಕೆ ಸಾಲಲಿಲ್ಲ ಅಂದ್ರೆ, ಟ್ರೈನಿಂಗ್ ಮಧ್ಯದಲ್ಲಿ ಕನೆಕ್ಷನ್ ಕಟ್ಟಾಗುತ್ತೆ, ನಮ್ಮ ವೈಫೈ ಅಂತೂ ದೇವರಿಗೇ ಪ್ರೀತಿ. ಬ್ಲೆಂಡರ್ ಅಲ್ಲಿ ಕೂತು ಮಾಡೋ ಕೆಲಸ ಅಲ್ಲ. ಜೊತೆಗೆ ಜಿಟಿಎ ಆಡಬೇಕು ಅನ್ನೋದೂ ನಿಜ. ಈ ಕೊನೇ ಕಾರಣ ಪೇಪರ್ ಮೇಲೆ ಬರೆಯೋಕೆ ಸಂಕೋಚ ಆಯ್ತು, ಆದರೂ ಬರೆದ್ವಿ. ಆಗಲೇ ಆಯ್ಕೆ ಸುಲಭ ಆಗಿದ್ದು.

ಈಗ ಅಸಲಿ ಜಗಳ: ವೇಗವೋ, ಮೆಮೊರಿಯೋ? ನಮ್ಮ ಬಜೆಟ್ ಸುತ್ತಮುತ್ತ ಇದ್ದಿದ್ದು ಎನ್ವಿಡಿಯಾದ ಆರ್‌ಟಿಎಕ್ಸ್ 3060 ಮತ್ತು 4060, ಎಎಂಡಿಯ ಆರ್‌ಎಕ್ಸ್ 6600, ಇಂಟೆಲ್‌ನ ಆರ್ಕ್ ಬಿ580. 3060 ಬಂದಿದ್ದು 2021ರಲ್ಲಿ, ಮೆಮೊರಿ 12 ಜಿಬಿ. 4060 ಬಂದಿದ್ದು 2023ರಲ್ಲಿ, ಮೆಮೊರಿ 8 ಜಿಬಿ. ಹೌದು, ಹೊಸದರಲ್ಲಿ ಕಮ್ಮಿ! ಆದರೂ ಹೆಚ್ಚಿನ ಗೇಮ್‌ಗಳಲ್ಲಿ 4060 ವೇಗ ಜಾಸ್ತಿ, ಕರೆಂಟ್ ಕಮ್ಮಿ: 3060ಗೆ 170 ವ್ಯಾಟ್, 4060ಗೆ 115. ಫ್ರೇಮ್ ಜನರೇಷನ್ ಅನ್ನೋ ಸೌಲಭ್ಯವೂ ಅದರಲ್ಲಿದೆ. ಚಾರ್ಟ್ ನೋಡಿದವರು 4060 ಅಂತಾನೇ ಹೇಳ್ತಾರೆ.

ನಾವು ಇದನ್ನ ಮದುವೆ ಮನೆ ಊಟದ ಥರ ಯೋಚನೆ ಮಾಡಿದ್ವಿ. ಜಿಪಿಯು ಅಂದ್ರೆ ಬಡಿಸೋರು. ಕಾರ್ಡಿನ ಮೆಮೊರಿ ಅಂದ್ರೆ ಪಂಕ್ತಿಯಲ್ಲಿ ಹಾಕಿರೋ ಎಲೆಗಳು. ಬಡಿಸೋರು ಎಷ್ಟೇ ಚುರುಕಾಗಿದ್ರೂ 8 ಎಲೆ ಹಾಕಿದ ಕಡೆ 12 ಜನ ಬಂದ್ರೆ 4 ಜನ ಹೊರಗೆ ಶಾಮಿಯಾನದಲ್ಲಿ ಕಾಯಬೇಕು. ಆ ಶಾಮಿಯಾನವೇ ಕಂಪ್ಯೂಟರ್‌ನ ಮಾಮೂಲಿ ರ‍್ಯಾಮ್. ಒಳಗೆ ಹೊರಗೆ ಓಡಾಡೋ ಬಾಗಿಲು ಪಿಸಿಐಇ ಸ್ಲಾಟ್. 4060 ಆ ಬಾಗಿಲಲ್ಲಿ 8 ಲೇನ್ ಮಾತ್ರ ಬಳಸುತ್ತೆ, 3060 ಪೂರ್ತಿ 16. ನಮ್ಮ 5600ಜಿಯಲ್ಲಿ ಇರೋದು ಹಳೇ ಪಿಸಿಐಇ 3.0. ಅದರಲ್ಲಿ 16 ಲೇನ್‌ಗೆ ಸೆಕೆಂಡಿಗೆ ಸುಮಾರು 16 ಜಿಬಿ ಹೋದ್ರೆ, 8 ಲೇನ್‌ಗೆ 8 ಜಿಬಿ. ಅಂದ್ರೆ 4060 ತಂದ್ರೆ ಎಲೆಯೂ ಕಮ್ಮಿ, ಬಾಗಿಲೂ ಅರ್ಧ ತೆಗೆದಿರುತ್ತೆ. ಹೊಸ ಬೋರ್ಡ್ ಇರೋರಿಗೆ ಈ ಎರಡನೇ ತೊಂದರೆ ಇಲ್ಲ, ಆದರೆ ಬಜೆಟ್ ಕಮ್ಮಿ ಇರೋರ ಹತ್ತಿರ ಸಾಮಾನ್ಯವಾಗಿ ಹೊಸ ಬೋರ್ಡೂ ಇರಲ್ಲ.

ಡೀಪ್ ಲರ್ನಿಂಗ್‌ಗೆ ಲೆಕ್ಕ ಇನ್ನೂ ಸ್ಪಷ್ಟ. 7 ಬಿಲಿಯನ್ ಪ್ಯಾರಾಮೀಟರ್ ಇರೋ ಒಂದು ಲ್ಯಾಂಗ್ವೇಜ್ ಮಾಡೆಲ್ ತಗೊಳ್ಳಿ. 16 ಬಿಟ್‌ನಲ್ಲಿ ಒಂದೊಂದಕ್ಕೆ 2 ಬೈಟ್, ಒಟ್ಟು 14 ಜಿಬಿ. ಎರಡೂ ಕಾರ್ಡಲ್ಲಿ ಹಿಡಿಯಲ್ಲ. 8 ಬಿಟ್‌ಗೆ ಇಳಿಸಿದ್ರೆ 7 ಜಿಬಿ. 12 ಜಿಬಿ ಕಾರ್ಡಲ್ಲಿ ಆರಾಮ. 8 ಜಿಬಿ ಕಾರ್ಡಲ್ಲಿ ಮಾಡೆಲ್ ಕೂತ ಮೇಲೆ ಉಳಿಯೋದು 1 ಜಿಬಿ, ಅದರಲ್ಲೂ ಸ್ವಲ್ಪ ವಿಂಡೋಸ್ ತಿನ್ನುತ್ತೆ. ಗೇಮ್‌ನಲ್ಲೂ ಇದೇ ಕಥೆ. 2023ರಲ್ಲಿ "ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1" ಪಿಸಿಗೆ ಬಂದಾಗ 8 ಜಿಬಿ ಕಾರ್ಡ್‌ಗಳು ಹೇಗೆ ತಿಣುಕಿದವು ಅಂತ ಆಡಿದವರಿಗೆ ಗೊತ್ತು. ಪ್ಯಾಚ್ ಬಂದ ಮೇಲೆ ಸುಧಾರಿಸಿತು, ಅದೂ ನಿಜ.

ಹಾಗಾಗಿ ನಮ್ಮ ವಾದ ಇಷ್ಟು. ಕಾರ್ಡ್ ನಿಧಾನ ಆದ್ರೆ ರೆಂಡರ್‌ಗೆ ಹಾಕಿ ಟೀ ಕುಡಿದು ಬರಬಹುದು. ಮೆಮೊರಿ ಸಾಲದಿದ್ರೆ ಕೆಲಸವೇ ಶುರುವಾಗಲ್ಲ. ಮೂರ್ನಾಲ್ಕು ವರ್ಷ ಇನ್ನೊಂದು ಕಾರ್ಡ್ ಕೊಳ್ಳೋಕೆ ಆಗದವರು ವೇಗದ ಕಾರ್ಡ್‌ಗಿಂತ ದೊಡ್ಡ ಮೆಮೊರಿಯ ಕಾರ್ಡ್ ನೋಡಬೇಕು. ಪ್ರತಿವರ್ಷ ಬದಲಾಯಿಸೋರಿಗೆ ಈ ಮಾತು ಬೇಡ, ಅವರು ಈ ಲೇಖನವನ್ನೂ ಓದ್ತಿರಲ್ಲ.

ಎಲ್ಲರಿಗೂ 3060 ಅಂತ ನಾವು ಹೇಳ್ತಿಲ್ಲ. ಪಟ್ಟಿಯಲ್ಲಿ ಬರೀ ಗೇಮ್ ಇದ್ರೆ ಅದನ್ನ ಧೈರ್ಯವಾಗಿ ಒಪ್ಕೊಳ್ಳಿ, ಆರ್‌ಎಕ್ಸ್ 6600 ತಗೊಳ್ಳಿ, ಉಳಿದ ದುಡ್ಡು ವಾಪಸ್ ಕೊಡಿ. ಆರ್ಕ್ ಬಿ580ಯಲ್ಲೂ 12 ಜಿಬಿ ಇದೆ, ಆದರೆ ಅದಕ್ಕೆ ರೀಸೈಜಬಲ್ ಬಾರ್ ಆನ್ ಇರಲೇಬೇಕು, ಹಳೇ ಪ್ರೊಸೆಸರ್ ಜೊತೆ ಅದರ ಓಟ ಕುಸಿಯುತ್ತೆ. ಇನ್ನು ಎನ್ವಿಡಿಯಾದ ಕುಡಾ. ಡೀಪ್ ಲರ್ನಿಂಗ್ ಕೋಡ್ ಬಹಳಷ್ಟು ಕುಡಾ ಇದೆ ಅಂತ ಅಂದ್ಕೊಂಡೇ ಬರೆದಿರುತ್ತಾರೆ. ಮ್ಯಾಟ್‌ಲ್ಯಾಬ್‌ನಲ್ಲಿ ಜಿಪಿಯು ಬಳಸೋಕೂ ಎನ್ವಿಡಿಯಾನೇ ಬೇಕು. ಎಎಂಡಿಗೆ ಆರ್‌ಒಸಿಎಂ ಇದೆ, ಆದರೆ ಕಮ್ಮಿ ಬೆಲೆಯ ಎಲ್ಲ ಕಾರ್ಡ್‌ಗೂ ಅದರ ಅಧಿಕೃತ ಬೆಂಬಲ ಇಲ್ಲ. ಒಂದೇ ಕಂಪನಿ ಹೀಗೆ ಎಲ್ಲರನ್ನೂ ಕಟ್ಟಿಹಾಕಿರೋದು ನಮಗೂ ಇಷ್ಟ ಇಲ್ಲ. ಆದರೆ ಮುಂದಿನ ವಾರ ಸಬ್ಮಿಷನ್ ಇರೋ ವಿದ್ಯಾರ್ಥಿ ಆ ಹೋರಾಟ ಮಾಡೋಕಾಗಲ್ಲ.

ಹೆಸರಿನ ಮೋಸವನ್ನೂ ನೋಡ್ಕೊಳ್ಳಿ. 3060 ಅಂತಲೇ 8 ಜಿಬಿಯದ್ದೂ ಒಂದಿದೆ, ಅದರ ಮೆಮೊರಿ ಬಸ್ 192 ಬಿಟ್ ಅಲ್ಲ, 128. ಆರ್‌ಟಿಎಕ್ಸ್ 3050ಯಲ್ಲಿ 8 ಜಿಬಿಯದ್ದಕ್ಕೆ 2,560 ಕೋರ್, 6 ಜಿಬಿಯದ್ದಕ್ಕೆ 2,304. ಅಂಗಡಿಯವರು "ಅದೇ ಸಾರ್, ಮೆಮೊರಿ ಮಾತ್ರ ಕಮ್ಮಿ" ಅಂತಾರೆ. ಅದೇ ಅಲ್ಲ. ಬಾಕ್ಸ್ ಮೇಲಿನ ಪೂರ್ತಿ ಹೆಸರು ಓದಿ.

ಬೆಲೆ ವಿಷಯ. ಅಮೆರಿಕದ ವಿಡಿಯೋದಲ್ಲಿ 4060 ಬೆಲೆ 299 ಡಾಲರ್ ಅಂತಾರೆ. ಡಾಲರ್‌ಗೆ 85 ರೂಪಾಯಿ ಹಿಡಿದ್ರೂ ಸುಮಾರು 25,400. ನಾವು ಇಲ್ಲೇ ಖುಷಿಯಾಗಿಬಿಟ್ಟಿದ್ವಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಾಕಿ: 30,000. ಜೊತೆಗೆ ನಮ್ಮ ಕ್ಯಾಬಿನೆಟ್ ಜೊತೆ ಬಂದಿದ್ದ ಹೆಸರಿಲ್ಲದ ಪವರ್ ಸಪ್ಲೈ ನಂಬೋ ಹಾಗಿರಲಿಲ್ಲ. 3060ಗೆ 550 ವ್ಯಾಟ್‌ನದ್ದು ಬೇಕು ಅಂತ ಕಂಪನಿಯೇ ಹೇಳುತ್ತೆ. ಒಳ್ಳೇ ಪವರ್ ಸಪ್ಲೈಗೆ 4,200 ತೆಗೆದಿಟ್ವಿ. ಇದರಲ್ಲಿ ಉಳಿತಾಯ ಮಾಡಬೇಡಿ, ಇದು ಸುಟ್ಟರೆ ಕಾರ್ಡನ್ನೂ ಕರ್ಕೊಂಡು ಹೋಗಬಹುದು. ಅಲ್ಲಿಗೆ 25,000 ಅನ್ನೋದು 20,800 ಆಯ್ತು. ಹೊಸ ಕಾರ್ಡ್ ಆಸೆ ಮುಗೀತು.

ಉಳಿದಿದ್ದು ಸೆಕೆಂಡ್ ಹ್ಯಾಂಡ್. ಅಲ್ಲಿ 4,000ದವನ ಮುಖ ಸಣ್ಣಗಾಯ್ತು. ಫಸ್ಟ್ ಇಯರ್‌ನಲ್ಲಿ ಅವನು ಆನ್‌ಲೈನ್‌ನಲ್ಲಿ ಸಿಕ್ಕ ಯಾರ ಹತ್ತಿರಾನೋ ಜಿಟಿಎಕ್ಸ್ 1050 ಟಿಐ ಅಂತ 4,500 ಕೊಟ್ಟು ತಂದಿದ್ದ. ಗೇಮ್ ಹಾಕಿದ್ರೆ ತೆವಳ್ತಿತ್ತು. ಜಿಪಿಯು-ಝಡ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಹಾಕಿ ನೋಡಿದ್ರೆ ಹೆಸರಿನ ಮುಂದೆ "ಫೇಕ್" ಅಂತ ಬಂತು. ಎಷ್ಟೋ ಹಳೇ ಚಿಪ್‌ಗೆ ಬಯಾಸ್ ಬದಲಾಯಿಸಿ ಮಾರಿದ್ದರು. ಮಾರಿದವರ ನಂಬರ್ ಆಮೇಲೆ ಸಿಗಲೇ ಇಲ್ಲ. ಈ ಸಲ ಅವನು 4,000 ಮಾತ್ರ ಹಾಕಿದ್ದು, "ಬೇಡವೇ ಬೇಡ" ಅಂದಿದ್ದು ಯಾಕೆ ಅಂತ ನಮಗೆ ಅರ್ಥ ಆಗಿದ್ದು ಅವತ್ತೇ. ಅಲ್ಲೀವರೆಗೆ ಅವನನ್ನ ಜುಗ್ಗ ಅಂತ ರೇಗಿಸ್ತಿದ್ವಿ.

ಅದಕ್ಕೇ ಅವನನ್ನೇ ಮುಂದೆ ಬಿಟ್ಕೊಂಡು ಎಸ್.ಪಿ. ರೋಡ್‌ಗೆ ಹೋದ್ವಿ. ಅವನ ನಿಯಮಗಳು ಮೂರು. ಒಂದು, ಮೂಲ ಬಿಲ್ ಇರಬೇಕು, ಬಿಲ್‌ನಲ್ಲಿರೋ ಸೀರಿಯಲ್ ನಂಬರ್ ಕಾರ್ಡ್ ಮೇಲಿರೋದಕ್ಕೆ ಸರಿಹೊಂದಬೇಕು. ಎರಡು, ಬಿಲ್ ದಿನಾಂಕ 2022ರ ಸೆಪ್ಟೆಂಬರ್ ಆದಮೇಲಿನದಾಗಿರಬೇಕು. ಆ ತಿಂಗಳ 15ಕ್ಕೆ ಇಥೀರಿಯಮ್ ತನ್ನ ವ್ಯವಸ್ಥೆ ಬದಲಾಯಿಸಿದ ಮೇಲೆ ಅದಕ್ಕೆ ಜಿಪಿಯು ಮೈನಿಂಗ್ ನಿಂತುಹೋಯ್ತು. ಅದಾದ ಮೇಲೆ ಕೊಂಡ ಕಾರ್ಡ್ ಹಗಲೂ ರಾತ್ರಿ ಮೈನಿಂಗ್‌ನಲ್ಲಿ ಬೆಂದಿರೋ ಸಾಧ್ಯತೆ ಕಮ್ಮಿ. ಮೂರು, ಅಂಗಡಿಯಲ್ಲೇ ಹಾಕಿಸಿ ಅರ್ಧ ಗಂಟೆ ಲೋಡ್ ಕೊಟ್ಟು ನೋಡಬೇಕು, ಜಿಪಿಯು-ಝಡ್ ತೋರಿಸಬೇಕು. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬರೋದು. ಐದು ಅಂಗಡಿಯಿಂದ ಎದ್ದು ಬಂದ್ವಿ. ಆರನೇದರಲ್ಲಿ 3060, 12 ಜಿಬಿ, 2023ರ ಬಿಲ್, 17,500 ರೂಪಾಯಿ. ಪವರ್ ಸಪ್ಲೈ ಸೇರಿ 21,700. ಕೈಯಲ್ಲಿ 3,300 ಉಳೀತು.

ಅವತ್ತು ರಾತ್ರಿ ಕಾರ್ಡ್ ಹಾಕಿ ಎಲ್ಲ ಓಡಿದ ಮೇಲೆ ಅವನು ಹಾಸನಕ್ಕೆ ಫೋನ್ ಮಾಡಿದ. ಸ್ಪೀಕರ್ ಹಾಕು ಅಂತ ನಾವು ಹೇಳಲಿಲ್ಲ, ಅವನೇ ಹಾಕಿದ. ಕಾಲೇಜಿನವರು ಹೇಳಿಲ್ಲಪ್ಪ, ನಾವೇ ತಗೊಂಡಿದ್ದು, ಓದೋಕೂ ಬೇಕು, ಆಟಕ್ಕೂ ಬೇಕು ಅಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕರೆಂಟ್ ಬಿಲ್ ಯಾರು ಕಟ್ಟೋದು?" ಅಂದರು.

ನಾವು ಲೆಕ್ಕ ಹಾಕಿ ಇಟ್ಕೊಂಡಿದ್ವಿ. ಪೂರ್ತಿ ಕಂಪ್ಯೂಟರ್ 300 ವ್ಯಾಟ್, ದಿನಕ್ಕೆ 4 ಗಂಟೆ, ತಿಂಗಳಿಗೆ 36 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದ್ರೆ 216. ತಲೆಗೆ 54. "ನಾವೇ ಕಟ್ತೀವಿ, ಉಳಿದ ದುಡ್ಡೂ ವಾಪಸ್ ಕಳಿಸ್ತೀವಿ" ಅಂದ್ವಿ.

"ಉಳಿದಿದ್ದನ್ನ ಬಿಲ್‌ಗೆ ಇಟ್ಕೊಳ್ಳಿ" ಅಂದರು ಅವರು. "ಇನ್ನೊಂದ್ ಸಲ ಏನಾದ್ರೂ ಬೇಕಾದ್ರೆ ಬೇಕು ಅಂತ ಕೇಳು. ಕಾಲೇಜಿನ ಹೆಸರು ಹೇಳ್ಬೇಡ."