ಅನಿರೀಕ್ಷಿತ ಹಣ ಮತ್ತು ಆಡಳಿತದ ವಿವೇಕ

ಖಜಾನೆ ಬರಿದಾದಾಗ ಸರಕಾರವನ್ನು ಪ್ರಶ್ನಿಸುವುದು ನಮಗೆ ರೂಢಿ. ಆದರೆ ಅದು ಅನಿರೀಕ್ಷಿತವಾಗಿ ತುಂಬಿದಾಗ ಲೆಕ್ಕ ಕೇಳುವವರು ವಿರಳ. ವಾಸ್ತವದಲ್ಲಿ ಆಡಳಿತದ ವಿವೇಕವು ಪರೀಕ್ಷೆಗೊಳಗಾಗುವುದು ಅಂತಹ ಸಂದರ್ಭದಲ್ಲಿಯೇ.

ಅಮೇರಿಕದ ಕ್ಯಾಲಿಫೋರ್ನಿಯ ರಾಜ್ಯವನ್ನೇ ನೋಡಿ. 2022ರ ಮೇ ತಿಂಗಳಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ 9,750 ಕೋಟಿ ಡಾಲರ್‌ಗಳ ಮಿಗತೆಯನ್ನು ಘೋಷಿಸಿದರು. ಅಲ್ಲಿನ ಆದಾಯ ತೆರಿಗೆಯ ದೊಡ್ಡ ಪಾಲು ಬರುವುದು ಅತಿ ಶ್ರೀಮಂತರಿಂದ. ಶೇರು ಪೇಟೆ ಉಬ್ಬಿದಾಗ ತೆರಿಗೆಯೂ ಉಬ್ಬಿತು. ಕುಟುಂಬಗಳಿಗೆ 1,050 ಡಾಲರ್‌ಗಳವರೆಗೂ ಹಣ ಹಂಚಲಾಯಿತು. ಆದರೆ 2023ರ ಜನವರಿಯಲ್ಲಿ ಅದೇ ಗವರ್ನರ್ 2,250 ಕೋಟಿ ಡಾಲರ್‌ಗಳ ಕೊರತೆಯನ್ನು ಒಪ್ಪಿಕೊಳ್ಳಬೇಕಾಯಿತು. ಆ ವರ್ಷಾಂತ್ಯಕ್ಕೆ ಶಾಸಕಾಂಗದ ವಿಶ್ಲೇಷಕರು ಅಂದಾಜಿಸಿದ ಕೊರತೆ 6,800 ಕೋಟಿ ಡಾಲರ್! ಒಳ್ಳೆಯ ವರ್ಷಗಳ ಆದಾಯದಲ್ಲಿ ಒಂದಂಶವನ್ನು ಆಪತ್ಕಾಲದ ನಿಧಿಗೂ ಸಾಲ ತೀರಿಕೆಗೂ ಮೀಸಲಿಡಬೇಕೆಂಬ ನಿಯಮವನ್ನು ಮತದಾರರು 2014ರಲ್ಲೇ ಅಂಗೀಕರಿಸಿದ್ದರು. 2024ರಲ್ಲಿ ಕೊರತೆ ತುಂಬಲು ಆ ನಿಧಿಯೇ ನೆರವಾಯಿತು.

ಇದು ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಖನಿಜದ ಮೇಲೆ ತೆರಿಗೆ ವಿಧಿಸುವ ಹಕ್ಕು ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2024ರ ಜುಲೈ 25ರಂದು ಬಹುಮತದಿಂದ ತೀರ್ಪಿತ್ತಿತು. 2005ರ ಎಪ್ರಿಲ್‌ನಿಂದೀಚಿನ ಬಾಕಿಯನ್ನು 2026ರ ಎಪ್ರಿಲ್‌ನಿಂದ ಹನ್ನೆರಡು ವರ್ಷಗಳ ಕಂತುಗಳಲ್ಲಿ ವಸೂಲು ಮಾಡಲು ಆಗಸ್ಟಿನಲ್ಲಿ ಅನುಮತಿಯನ್ನೂ ನೀಡಿತು. ಹಳೆಯ ಬಾಕಿ ಒಮ್ಮೆ ತೀರಿದರೆ ಮುಗಿಯಿತು. ಅದನ್ನು ನಂಬಿ ಪ್ರತಿ ವರ್ಷದ ಖರ್ಚನ್ನು ಹೆಚ್ಚಿಸಿಕೊಂಡರೆ ಹದಿಮೂರನೆಯ ವರ್ಷ ಸಂಬಳ ಕೊಡುವವರು ಯಾರು?

ಬಡವರ ಹೊಟ್ಟೆ ಹಸಿದಿರುವಾಗ ಉಳಿತಾಯದ ಉಪದೇಶವೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕೊರತೆಯ ಕತ್ತರಿ ಮೊದಲು ಬೀಳುವುದೂ ಬಡವರ ವಿದ್ಯಾರ್ಥಿವೇತನ ಮತ್ತು ಔಷಧದ ಮೇಲೆಯೇ ಎಂಬುದನ್ನು ಮರೆಯಬಾರದು. ಅನ್ನ, ಶಿಕ್ಷಣಗಳಿಗೆ ನಿತ್ಯದ ವರಮಾನ ಸಲ್ಲಲಿ. ಒಮ್ಮೆ ಬರುವ ಹಣವು ಸಾಲ ತೀರಿಸಲು, ಶಾಲೆಯ ಕೋಣೆ ಕಟ್ಟಲು, ಕುಡಿಯುವ ನೀರಿನ ಕೊಳವೆ ಹಾಕಲು ವಿನಿಯೋಗವಾಗಲಿ.

ಅದರಲ್ಲಿ ಮೊದಲ ಹಕ್ಕು ಗಣಿಯ ಧೂಳು ಕುಡಿದವರದ್ದು. ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು 2015ರ ಕಾನೂನು ತಿದ್ದುಪಡಿಯ ಮೂಲಕ ಸ್ಥಾಪಿಸಿದ್ದೂ ಗಣಿ ಬಾಧಿತರ ಹಿತಕ್ಕಾಗಿಯೇ. ಆ ಹಣದ ಲೆಕ್ಕವನ್ನು ಗ್ರಾಮಸಭೆಗಳಲ್ಲಿ ಓದಿ ಹೇಳಬೇಕು. ಮಣ್ಣಿನಡಿಯ ಅದಿರು ಮತ್ತೆ ಹುಟ್ಟುವುದಿಲ್ಲ. ಅದರಿಂದ ಬಂದ ಹಣವು ಮುಂದಿನ ಪೀಳಿಗೆಯದ್ದೂ ಹೌದು.