ಒಂಬತ್ತು ಮಿಲಿಮೀಟರ್ ಹಳಿಯ ರೈಲು
ಎನ್ ಸ್ಕೇಲ್ ಮಾದರಿ ರೈಲಿನ ಎರಡು ಹಳಿಗಳ ನಡುವಿನ ಅಂತರ 9 ಮಿ.ಮೀ. ಜರ್ಮನಿಯ ನ್ಯೂರೆಂಬರ್ಗಿನ ಆರ್ನಾಲ್ಡ್ ಕಂಪನಿ 1960ರ ದಶಕದ ಆರಂಭದಲ್ಲಿ ಈ ಅಳತೆಯನ್ನು ಬಳಕೆಗೆ ತಂದಿತು. ಮಾದರಿಗೂ ನಿಜವಾದ ರೈಲಿಗೂ ಇರುವ ಅನುಪಾತ ಮಾತ್ರ ಎಲ್ಲೆಡೆ ಒಂದೇ ಅಲ್ಲ: ಯುರೋಪ್, ಅಮೆರಿಕಗಳಲ್ಲಿ 1:160, ಬ್ರಿಟನ್ನಿನಲ್ಲಿ 1:148, ಜಪಾನಿನಲ್ಲಿ ಸಾಮಾನ್ಯವಾಗಿ 1:150. ಹೀಗಾಗಿ ಬಿಡಿಭಾಗ ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಅಂಕಿ ನೋಡಿಕೊಳ್ಳಬೇಕು. 1:160ರ ಲೆಕ್ಕದಲ್ಲಿ 1435 ಮಿ.ಮೀ. ಗೇಜಿನ ಬೆಂಗಳೂರು ಮೆಟ್ರೊಗೆ ಈ ಹಳಿ ಸರಿಹೊಂದುತ್ತದೆ, 1676 ಮಿ.ಮೀ. ಬ್ರಾಡ್‌ಗೇಜ್ ರೈಲಿಗೆ ಸುಮಾರು 10.5 ಮಿ.ಮೀ. ಬೇಕಾಗುವುದರಿಂದ ಇಕ್ಕಟ್ಟಾಗುತ್ತದೆ. ಬೋಗಿ, ಎಂಜಿನ್‌ಗಳನ್ನು ನಾವೇ ಜೋಡಿಸಿಕೊಳ್ಳುವ ಕಿಟ್‌ಗಳಲ್ಲಿ ಪ್ಲಾಸ್ಟಿಕ್ಕಿನದು ಸುಲಭ: ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸಿ, ಅಂಚುಗಳನ್ನು ಅರದಿಂದ ಉಜ್ಜಿ, ಅಂಟಿನಿಂದ ಕೂಡಿಸಿದರಾಯಿತು. ಹಿತ್ತಾಳೆ ಕಿಟ್ ರಾಸಾಯನಿಕದಿಂದ ಕೊರೆದ ತೆಳು ತಗಡಾಗಿ ಬರುತ್ತದೆ. ಮಡಿಸಬೇಕಾದ ಗೆರೆಯಲ್ಲಿ ತಗಡಿನ ಅರ್ಧ ದಪ್ಪವನ್ನಷ್ಟೇ ಕೊರೆದಿರುತ್ತಾರೆ. ಆ ಗೆರೆ ಒಳಮಗ್ಗುಲಿಗೆ ಬರುವಂತೆ ಬಗ್ಗಿಸಿದರೆ ಬೋಗಿಯ ಗೋಡೆ ನೆಟ್ಟಗೆ ನಿಲ್ಲುತ್ತದೆ, ಆಮೇಲೆ ಬೆಸುಗೆ ಹಾಕಬೇಕು. ಬಿಳಿಲೋಹದ ಎರಕದ ಭಾಗಗಳು ಬೇಗ ಕರಗುವುದರಿಂದ ಅವಕ್ಕೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಸೋಲ್ಡರ್ ಇಲ್ಲವೇ ಎಪಾಕ್ಸಿ ಅಂಟು ಬೇಕು. ಎಂಜಿನ್ ಕಿಟ್‌ಗಳಲ್ಲಿ ಹಲವು ಬರೀ ಮೇಲ್ಕವಚ. ಮೋಟರ್, ಗೇರ್, ಚಕ್ರಗಳಿರುವ ಚಾಸಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ಮೋಟರಿಗೆ ವಿದ್ಯುತ್ ಬರುವುದು ಹಳಿಗಳಿಂದಲೇ. ಆದ್ದರಿಂದ ಲೋಹದ ಚಕ್ರಜೋಡಿಯಲ್ಲಿ ಒಂದು ಚಕ್ರಕ್ಕಾದರೂ ಆ್ಯಕ್ಸಲಿನೊಂದಿಗೆ ವಿದ್ಯುತ್ ಸಂಪರ್ಕ ಇರಕೂಡದು. ಇದ್ದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಇನ್ನು ಬೋಗಿಗಳನ್ನು ಜೋಡಿಸುವ ಕೊಕ್ಕೆಗಳು ಒಂದೇ ಬಗೆಯವಾಗಿ, ಒಂದೇ ಎತ್ತರದಲ್ಲಿರಬೇಕು. ಇಲ್ಲವಾದರೆ ತಿರುವಿನಲ್ಲಿ ಕಳಚಿಕೊಳ್ಳುತ್ತವೆ.