ಗಣಕಪಾಠಕ್ಕೆ ಜೆಪ್ಪುವಿನ ಹೆಂಚಿನ ನಿದರ್ಶನ

ಗಣಕಶಾಸ್ತ್ರವು ಶಾಲೆಗಳನ್ನು ಪ್ರವೇಶಿಸಿರುವ ಈ ಕಾಲದಲ್ಲಿ ಅದರ ಬೋಧನಕ್ರಮ ಹೇಗಿರಬೇಕೆಂಬುದು ವಿಚಾರಾರ್ಹವಾದ ಸಂಗತಿ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಹೊರತಂದ ಜಾವಾ ಭಾಷೆಯನ್ನು ಕಲಿಯತೊಡಗುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ‘ಕ್ಲಾಸ್’, ‘ಆಬ್ಜೆಕ್ಟ್’, ‘ರೆಫರೆನ್ಸ್’ ಎಂಬ ಪದಗಳನ್ನು ಕಂಠಪಾಠ ಮಾಡಬಲ್ಲರು. ಅವುಗಳ ಪರಸ್ಪರ ಸಂಬಂಧ ಮಾತ್ರ ಸುಲಭವಾಗಿ ಮನದಟ್ಟಾಗದು. ನಿದರ್ಶನಗಳ ದಾರಿದ್ರ್ಯವೇ ಇದಕ್ಕೆ ಮುಖ್ಯ ಕಾರಣ.

ತಕ್ಕ ನಿದರ್ಶನ ನಾಡಿನಲ್ಲಿಯೇ ಇದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆವೆಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಸುಟ್ಟು ತೆಗೆದ ಮಂಗಳೂರು ಹೆಂಚುಗಳು ದೇಶವಿದೇಶಗಳ ಮನೆಗಳ ಮಾಡನ್ನೇರಿದವು. ಅಚ್ಚು ಹೆಂಚಲ್ಲ, ಅದು ಹೆಂಚಿನ ರೂಪವನ್ನು ನಿಯಮಿಸುತ್ತದೆ. ಜಾವಾದ ಕ್ಲಾಸ್ ಇಂಥ ಅಚ್ಚು. ‘ನ್ಯೂ’ ಎಂಬ ಆಜ್ಞೆ ಅಚ್ಚನ್ನೊತ್ತುವ ಕ್ರಿಯೆ. ಒತ್ತಿದಷ್ಟು ಸಲವೂ ಹೊಸದೊಂದು ಆಬ್ಜೆಕ್ಟ್ ಹುಟ್ಟುತ್ತದೆ. ಅದು ಎಲ್ಲಿದೆಯೆಂದು ತಿಳಿಸುವ ಗುರುತೇ ರೆಫರೆನ್ಸ್.

ಇನ್ನು ಅರೇ. ಸೊನ್ನೆಯಿಂದ ಒಂಬತ್ತರವರೆಗೆ ಅಂಕೆ ಹಾಕಿದ ಹತ್ತು ಸಾಲುಗಳ ದಾಸ್ತಾನು ಪುಸ್ತಕವೊಂದನ್ನು ಕಲ್ಪಿಸಿಕೊಳ್ಳಬಹುದು. ಪ್ರತಿ ಸಾಲಿನಲ್ಲಿ ಬರೆಯಬೇಕಾದದ್ದು ಒಂದೊಂದು ಹೆಂಚು ಇರುವ ಸ್ಥಳ. ಹತ್ತು ಹೆಂಚುಗಳ ಅರೇ ಬೇಕೆಂದು ಆಜ್ಞೆಯಿತ್ತಾಗ ಸಿದ್ಧವಾಗುವುದು ಈ ಪುಸ್ತಕ ಮಾತ್ರ. ಒಂದು ಹೆಂಚೂ ತಯಾರಾಗಿರುವುದಿಲ್ಲ. ಎಲ್ಲ ಸಾಲುಗಳಲ್ಲಿಯೂ ಏನನ್ನೂ ಸೂಚಿಸದ ‘ನಲ್’ ಇರುತ್ತದೆ. ಆಗ ಯಾವುದಾದರೊಂದು ಹೆಂಚಿನ ತೂಕವನ್ನು ಕೇಳಿದರೆ ಪ್ರೋಗ್ರಾಂ ‘ನಲ್ ಪಾಯಿಂಟರ್ ಎಕ್ಸೆಪ್ಷನ್’ ಎಂಬ ದೋಷವನ್ನು ತೋರಿ ನಿಂತುಹೋಗುತ್ತದೆ. ಆದುದರಿಂದ ಒಂದೊಂದು ಸಾಲಿಗೂ ಪ್ರತ್ಯೇಕವಾಗಿ ‘ನ್ಯೂ’ ಪ್ರಯೋಗಿಸಬೇಕು. ಒಂದೇ ಹೆಂಚನ್ನು ಮಾಡಿ ಅದರ ಸ್ಥಳವನ್ನೇ ಹತ್ತೂ ಸಾಲುಗಳಲ್ಲಿ ಬರೆದರೆ ಪುಸ್ತಕ ತುಂಬಿದಂತೆ ಕಂಡರೂ ಇರುವುದು ಒಂದೇ ಹೆಂಚು. ಒಂದು ಸಾಲಿನ ಮೂಲಕ ಅದರ ಬಣ್ಣವನ್ನು ಬದಲಿಸಿದರೆ ಉಳಿದ ಒಂಬತ್ತರಲ್ಲಿಯೂ ಆ ಬಣ್ಣವೇ ತೋರುವುದು.

ಈ ಭೇದವನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು, ಕನ್ನಡದಲ್ಲಿ ವಿವರಿಸಿದ ಬಳಿಕವೇ ವಿದ್ಯಾರ್ಥಿಗಳನ್ನು ಯಂತ್ರದ ಮುಂದೆ ಕುಳ್ಳಿರಿಸುವುದು ಯುಕ್ತ. ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಆಗಿರಲಿ, ವಿವರಣೆ ತಾಯ್ನುಡಿಯದಾಗಲಿ. ದಾನಿಗಳ ಔದಾರ್ಯದಿಂದ ಶಾಲೆಗಳಲ್ಲಿ ಗಣಕಯಂತ್ರಗಳು ಸಾಲಾಗಿ ನಿಂತಿರುವುದು ಅಭಿನಂದನೀಯ. ಆದರೆ ಹತ್ತು ಯಂತ್ರಗಳನ್ನು ಜೋಡಿಸಿದ ಮಾತ್ರಕ್ಕೆ ಹತ್ತು ಮಂದಿ ಕಲಿತಂತಾಗದು. ಆ ಔದಾರ್ಯದ ಒಂದಂಶ ಶಿಕ್ಷಕರ ತರಬೇತಿಗೂ ಕನ್ನಡದ ಪಾಠಪುಸ್ತಿಕೆಗಳಿಗೂ ಸಲ್ಲಬೇಕು. ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನಗಳಾದರೂ ತಾವು ಕಲಿತ ಶಾಲೆಗೆ ಬಂದು ಪಾಠ ಹೇಳಿದರೆ ಮಕ್ಕಳಿಗೆ ಮಹದುಪಕಾರವಾದೀತು.